ನಾನೂರ ಎಂಟು ಡಬ್ಬಿಗಳ ಗೋಡೆ

ಏನಂದ್ರಿ? ತಾತನಿಗೆ ಅರಳುಮರಳು, ಅಂಕಿ ಎಲ್ಲಾ ಬಾಯಿಗೆ ಬಂದ ಹಾಗೆ ಹೇಳ್ತಾನೆ ಅಂತಲಾ? ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಆ ಹಲ್ಲು ಕಿರಿಯೋ ಹಳದಿ ಮುಖ ಹಾಕಿದವರು ಯಾರು ಅಂತ ನನಗೆ ಗೊತ್ತಿಲ್ಲ ಅಂದ್ಕೋಬೇಡಿ. ಮೂವತ್ನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಯಾವನು ಎಲ್ಲಿ ಹತ್ತಿದ, ಎಲ್ಲಿ ಇಳೀಬೇಕು, ಯಾವನು ನಿದ್ದೆ ಬಂದವನ ಥರ ಕಣ್ಣು ಮುಚ್ಚಿ ಎರಡು ಸ್ಟಾಪು ಹೆಚ್ಚಿಗೆ ಕೂತ, ಎಲ್ಲಾ ತಲೆಯಲ್ಲೇ ಇಟ್ಟುಕೊಂಡಿದ್ದವನು. ನಿಮಗೆ ಬೆಳಿಗ್ಗೆ ಚಾರ್ಜರ್ ಎಲ್ಲಿಟ್ಟಿರಿ ಅನ್ನೋದು ಮಧ್ಯಾಹ್ನಕ್ಕೆ ನೆನಪಿರಲ್ಲ, ನನ್ನ ನೆನಪಿನ ಮೇಲೆ ಅನುಮಾನ! ಮೊನ್ನೆ ನಾನು ನಾನೂರ ಎಂಟು ಡಬ್ಬಿ ಅಂದರೆ ನೀವು "ಒಂದು ನೂರು ಇದ್ದಿರಬಹುದು ಬಿಡಿ ತಾತ" ಅಂದಿರಿ. ಸಾಲಿಗೆ ಇಪ್ಪತ್ನಾಲ್ಕು, ಹದಿನೇಳು ಸಾಲು. ಗುಣಿಸಿ ನೋಡಿ. ನಾನು ಕಾಯ್ತೀನಿ.

ಆಯ್ತಾ? ಈಗ ಬಾಯಿ ಮುಚ್ಚಿಕೊಂಡು ಈ ರೆಕಾರ್ಡಿಂಗ್ ಕೇಳಿ. ನಡುವೆ ಕೆಮ್ಮು ಬಂದರೆ ಅದು ನನ್ನದು.

ನನ್ನ ತಂಗಿಯ ಗಂಡ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಆಗ ನಾನು ಅವರ ಮನೆಯಲ್ಲೇ ಇದ್ದೆ, ಯಾರಾದರೂ "ಭಾವ" ಅಂತ ಕೂಗಿದರೆ ಇಬ್ಬರೂ ತಿರುಗುತ್ತಿದ್ದೆವು. ಅದಕ್ಕೇ ಅವನು ಉಗ್ರಾಣದ ಭಾವ, ನಾನು ಕಂಡಕ್ಟರ್ ಭಾವ ಎಂದಾಯಿತು. ಒಳ್ಳೆಯ ಮನುಷ್ಯ. ಇರುವೆಯನ್ನೂ ದಾಟಿಕೊಂಡು ಹೋಗುವವನು. ಆದರೆ ಅವನ ತಲೆಯೊಳಗೆ ಒಂದು ಉಗ್ರಾಣವಿತ್ತು, ಅದಕ್ಕೆ ಹೊರಬರುವ ಬಾಗಿಲು ಮಾತ್ರ ಇರಲಿಲ್ಲ. ಒಳಗೆ ಹೋದ ವಿಚಾರ ಮತ್ತೆ ಹೊರಗೆ ಬರುತ್ತಿರಲಿಲ್ಲ.

ಅವರ ಕ್ಯಾಂಟೀನಿನಲ್ಲಿ ಒಂದು ನಿಯಮವಿತ್ತು. ಬಟಾಣಿ, ಟೊಮೇಟೊ, ಅನಾನಸ್, ಏನೇ ಆಗಲಿ, ತಗಡಿನ ಡಬ್ಬಿಯನ್ನು ಮೇಲಿನಿಂದ ಕತ್ತರಿಸುವ ಹಾಗಿಲ್ಲ. ತಾರೀಖಿನ ಮುದ್ರೆ ಇರುವುದು ಮೇಲಿನ ಮುಚ್ಚಳದಲ್ಲಿ. ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಆ ತಾರೀಖನ್ನು ತೋರಿಸಬೇಕಲ್ಲ? ಅದಕ್ಕೇ ಡಬ್ಬಿಯನ್ನು ಬೋರಲು ಹಾಕಿ, ತಳ ಕತ್ತರಿಸಿ, ಇದ್ದದ್ದನ್ನು ಸುರಿದುಕೊಂಡು, ತೊಳೆದು, ಮತ್ತೆ ನೆಟ್ಟಗೆ ನಿಲ್ಲಿಸಿ ಒಂದು ವಾರ ಇಡುವುದು. ನೋಡಿದವರಿಗೆ ಅದು ಒಡೆಯದ ಹೊಸ ಡಬ್ಬಿ. ಎತ್ತಿದರೆ ಮಾತ್ರ ಒಳಗೆ ಗಾಳಿ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದಿನ ಅನಾಹುತವೆಲ್ಲ ಈ ತಳದಿಂದಲೇ ಹುಟ್ಟಿದ್ದು.

ವಾರ ಕಳೆದ ಡಬ್ಬಿಗಳನ್ನು ಕ್ಯಾಂಟೀನಿನವರು ಬಿಸಾಡುತ್ತಿದ್ದರು. ಭಾವನಿಗೆ ಕರುಳು ಚುರುಕ್ ಎನ್ನುತ್ತಿತ್ತು. ಒಂದೊಂದಾಗಿ ಮನೆಗೆ ಬಂದವು. ಮೊದಲು ಪೆನ್ನು ಹಾಕುವ ಡಬ್ಬಿ, ಹಲ್ಲುಜ್ಜುವ ಬ್ರಷ್ಷಿನ ಡಬ್ಬಿ, ಗುಂಡಿಗಳ ಡಬ್ಬಿ. ಅಲ್ಲಿಯವರೆಗೆ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಮಂಚದ ನಾಲ್ಕು ಕಾಲಿನಡಿ ನಾಲ್ಕು ಡಬ್ಬಿ ಇಟ್ಟ. ಮಂಚ ಎಷ್ಟು ಎತ್ತರವಾಯಿತೆಂದರೆ ನನ್ನ ತಂಗಿ ಸ್ಟೂಲು ಹತ್ತಿ ಮಲಗಬೇಕಾಯಿತು. ಮೊಳೆಯಿಂದ ತೂತು ಹೊಡೆದು ದೀಪಕ್ಕೆ ಮುಸುಕು ಮಾಡಿದ. ದೀಪ ಹಾಕಿದರೆ ಗೋಡೆಗೆಲ್ಲ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ಅಡುಗೆಮನೆಯಿಂದ ಮುಂದಿನ ಕೋಣೆಗೆ ದಾರ ಕಟ್ಟಿ ಎರಡು ಡಬ್ಬಿಯ ಟೆಲಿಫೋನು ಮಾಡಿ, ಅದರಲ್ಲಿ "ಕಾಫಿ ಬೇಕು" ಎಂದು ಹೇಳುತ್ತಿದ್ದ. ತಂಗಿ ತನ್ನ ಕಡೆಯ ಡಬ್ಬಿಗೆ ಹತ್ತಿ ತುರುಕಿಬಿಟ್ಟಳು.

ಇನ್ನು ನನ್ನ ತಂಗಿಯ ವಿಷಯ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಹದಿನಾರು ಜನ ಹೆಣ್ಣುಮಕ್ಕಳು, ಐದು ಮಿಷನ್ನು. ಅವಳ ಕೈಯಲ್ಲಿ ಕಲಿತವರಿಗೆ ಕತ್ತರಿ ಹಿಡಿಯಲು ಬರುತ್ತಿತ್ತು, ಆದರೆ ಸರ್ಟಿಫಿಕೇಟು ಇರಲಿಲ್ಲ. ಸರ್ಟಿಫಿಕೇಟು ಇಲ್ಲದೆ ಯಾವ ಕಾರ್ಖಾನೆಯವನೂ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೆ ತರಬೇತಿ ಮಂಡಳಿಯ ಮಾನ್ಯತೆ ಬೇಕು. ಎರಡು ಸಲ ಅರ್ಜಿ ಹಾಕಿದ್ದಳು, ಎರಡು ಸಲವೂ "ಪ್ರತ್ಯೇಕ ಕೊಠಡಿ ಇಲ್ಲ" ಎಂದು ವಾಪಸ್ಸು ಬಂದಿತ್ತು. ಮೂರನೆಯ ಸಲವೂ ಇಲ್ಲವೆಂದರೆ ಐದು ವರ್ಷ ಆ ಕಡೆ ತಲೆ ಹಾಕುವ ಹಾಗಿಲ್ಲ. ಆ ಮೂರನೆಯ ಅರ್ಜಿಗೆ ಕಾಗದ ಬಂತು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅಧಿಕಾರಿಗಳು ಬರುತ್ತಾರೆ. ಹೊಲಿಗೆ ಜಾಗಕ್ಕೂ ವಾಸದ ಜಾಗಕ್ಕೂ ನಡುವೆ ಭದ್ರವಾದ ಅಡ್ಡಗೋಡೆ ಇರತಕ್ಕದ್ದು.

ಬಾಡಿಗೆ ಮನೆ. ಮಾಲೀಕ ಒಂದು ಮೊಳೆ ಹೊಡೆದರೂ ತನ್ನ ಎದೆಗೇ ಹೊಡೆದಂತೆ ಕುಣಿಯುವವನು. ತಂಗಿ ಉಪಾಯ ಮಾಡಿ, ನೆಲದ ಮೇಲೆ ನಿಲ್ಲಿಸುವಂಥ ಮರದ ತಡಿಕೆ ಮಾಡಿಕೊಡಲು ಒಬ್ಬ ಬಡಗಿಗೆ ಹೇಳಿದ್ದಳು. ಬಡಗಿ ಅಳತೆಪಟ್ಟಿ ಹಿಡಿದು ಬಂದ. ಉಗ್ರಾಣದ ಭಾವ ಬಾಗಿಲಲ್ಲೇ ಅವನನ್ನು ತಡೆದ.

"ಮರ ಯಾತಕ್ಕೆ? ಹುಳ ಹಿಡಿಯುತ್ತೆ. ನಾನಿದೀನಲ್ಲ, ನಾನೇ ಗೋಡೆ ಕಟ್ತೀನಿ."

"ಯಾತರಲ್ಲಿ ಕಟ್ತೀರಿ ಸ್ವಾಮಿ?" ಎಂದ ಬಡಗಿ.

ಭಾವ ಹಿತ್ತಲಿನ ಕಡೆ ಕೈ ತೋರಿಸಿದ. ಬಡಗಿ ಇಣುಕಿ ನೋಡಿದ. ಅಳತೆಪಟ್ಟಿ ಸುತ್ತಿಕೊಂಡ. ಬಂದ ದಾರಿ ಹಿಡಿದ. ನನಗೆ ಗೊತ್ತಿರುವ ಬಡಗಿಗಳಲ್ಲೆಲ್ಲ ಅವನೇ ಜಾಣ.

ತಂಗಿ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು. "ರೀ, ಇದು ನನ್ನ ಮೂರನೇ ಸಲ. ಗೋಡೆ ನಿಲ್ಲದೇ ಹೋದ್ರೆ ಆ ಹದಿನಾರು ಮಕ್ಕಳ ಮುಖ ನೀವೇ ನೋಡ್ಬೇಕು, ನಾನು ನೋಡಲ್ಲ."

"ಹದಿನೆಂಟು ವರ್ಷದಿಂದ ಜೋಡಿಸ್ತಿದೀನಿ ಕಣೇ. ನಾನು ಜೋಡಿಸಿದ ಡಬ್ಬಿ ಇವತ್ತಿನವರೆಗೂ ಬಿದ್ದಿದ್ದುಂಟಾ?"

ತುಂಬಿದ ಡಬ್ಬಿ ಬಿದ್ದಿರಲಿಲ್ಲ, ನಿಜ. ಖಾಲಿಯದರ ಮಾತು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಒಪ್ಪಿಕೊಳ್ತೀನಿ.

ಶುಕ್ರವಾರ ಶುರುಮಾಡಿದ. ಉಗ್ರಾಣದಲ್ಲಿ ಜೋಡಿಸುವ ಹಾಗೆಯೇ. ತಾರೀಖಿನ ಮುಚ್ಚಳ ಮೇಲೆ, ಚೀಟಿ ಹೊರಗೆ, ಹಳೆಯ ತಾರೀಖಿನವು ಕೆಳಗಿನ ಸಾಲಿನಲ್ಲಿ, ಎರಡು ಸಾಲಿನ ನಡುವೆ ಒಂದು ರಟ್ಟಿನ ಪಟ್ಟಿ. ಅಂಟು ಹಾಕೋ ಮಾರಾಯ ಎಂದೆ. "ಅಂಟು ಹಾಕಿದ್ರೆ ಎಣಿಸೋದು ಹೇಗೆ ಭಾವ?" ಎಂದು ನನ್ನನ್ನೇ ಕೇಳಿದ. ಗೋಡೆಯನ್ನು ಯಾಕೆ ಎಣಿಸಬೇಕು ಎಂದು ಕೇಳುವಷ್ಟರಲ್ಲಿ ಅವನು ಹತ್ತನೆಯ ಸಾಲಿನಲ್ಲಿದ್ದ. ನಡುವೆ ಅನಾನಸ್ಸಿನ ಹಳದಿ ಡಬ್ಬಿಗಳಿಂದ ಒಂದು ಹೂವಿನ ಚಿತ್ರ ಮೂಡಿಸಲು ಹೊರಟ. ಅದು ಕರಿದ ಮೊಟ್ಟೆಯ ಥರ ಬಂತು.

ಭಾನುವಾರಕ್ಕೆ ಗೋಡೆ ಆಳೆತ್ತರಕ್ಕೆ ನಿಂತಿತು. ನಿಂತಿತು ಎಂದರೆ, ಯಾರೂ ಉಸಿರಾಡದಿದ್ದರೆ ನಿಲ್ಲುತ್ತಿತ್ತು. ಫ್ಯಾನು ಹಾಕುವ ಹಾಗಿಲ್ಲ. ಬಾಗಿಲು ಹಾಕುವ ಹಾಗಿಲ್ಲ. ಮಿಷನ್ನು ತುಳಿದರೆ ಡಬ್ಬಿಗಳು ಸಣ್ಣಗೆ ಹಲ್ಲು ಕಡಿಯುತ್ತಿದ್ದವು. ಸೀನು ಬಂದವರು ಬೀದಿಗೆ ಓಡಬೇಕಿತ್ತು. ನನಗೆ ಒಂದು ಕುರ್ಚಿ ಹಾಕಿ ಫ್ಯಾನಿನ ಸ್ವಿಚ್ಚು ಕಾಯಲು ಕೂರಿಸಿದರು. ರಿಟೈರಾದ ಮೇಲೆ ನನಗೆ ಸಿಕ್ಕ ಮೊದಲ ಜವಾಬ್ದಾರಿ ಅದು.

ಎದುರುಮನೆಯಲ್ಲಿ ಟೈಪಿಸ್ಟಮ್ಮ ಎಂದು ಒಬ್ಬರಿದ್ದರು. ಆಫೀಸಿನಲ್ಲಿ ಟೈಪು ಮಾಡಿ ನಿವೃತ್ತರಾದವರು, ಆದರೆ ಒಂದನ್ನು ನಾಲ್ಕು ಪ್ರತಿ ಮಾಡಿ ಹಂಚುವ ಅಭ್ಯಾಸ ಬಿಟ್ಟಿರಲಿಲ್ಲ. ನಮ್ಮ ಕಿಟಕಿ ಅವರ ಕಿಟಕಿಗೆ ನೇರ. ಭಾನುವಾರ ಬೆಳಿಗ್ಗೆ ಪರದೆ ಸರಿಸಿದರು, ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಳೆತ್ತರ ಡಬ್ಬಿ! ಹಸಿರು ಬಟಾಣಿ, ಕೆಂಪು ಟೊಮೇಟೊ, ನಡುವೆ ಹಳದಿ ಅನಾನಸ್. ಎಲ್ಲ ಒಡೆಯದವು! ಅದೂ ಯಾರ ಮನೆಯಲ್ಲಿ? ಉಗ್ರಾಣದವನ ಮನೆಯಲ್ಲಿ! ಮುಂದೆ ಏನು ಸಿಗುತ್ತೆ, ಏನು ಸಿಗಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿಯುವ ಮನುಷ್ಯನ ಮನೆಯಲ್ಲಿ!

ಭಾವ ಹಾಲು ತರಲು ಹೊರಟಿದ್ದ. ಟೈಪಿಸ್ಟಮ್ಮ ಗೇಟಿನ ಹತ್ತಿರವೇ ಹಿಡಿದರು. ದನಿ ತಗ್ಗಿಸಿ ಕೇಳಿದರು: "ಏನ್ರೀ, ಏನಾದ್ರೂ ಸುದ್ದಿ ಇದೆಯಾ?"

ಭಾವನಿಗೆ ತಲೆಯ ತುಂಬ ಮಂಡಳಿಯ ಕಾಗದ. ಇವರಿಗೆ ಹೇಗೆ ಗೊತ್ತಾಯಿತು ಎಂದುಕೊಂಡ. ಅತ್ತಿತ್ತ ನೋಡಿ ಅವನೂ ದನಿ ತಗ್ಗಿಸಿದ. "ಇದೆ. ಗುರುವಾರ. ಮಧ್ಯಾಹ್ನ ಮೂರು ಗಂಟೆಗೆ."

"ಅಯ್ಯಯ್ಯೋ! ಇಷ್ಟು ಬೇಗಾನಾ?"

"ಹೂಂ. ಅಷ್ಟರೊಳಗೆ ಎಲ್ಲಾ ಸಿದ್ಧ ಮಾಡ್ಕೊಂಡಿರ್ಬೇಕು. ಆಮೇಲೆ ಐದು ವರ್ಷ ಏನೂ ಮಾಡೋಕಾಗಲ್ಲ."

"ಐದು ವರ್ಷ!" ಟೈಪಿಸ್ಟಮ್ಮ ಗೇಟು ಹಿಡಿದುಕೊಂಡರು.

"ಯಾರಿಗೂ ಹೇಳ್ಬೇಡಿ. ಆಗೋವರೆಗೂ ಬಾಯಿ ಬಿಡಬಾರದು ಅಂತಿದೀವಿ."

ಯಾರಿಗೂ ಹೇಳಬೇಡಿ ಎಂದು ಟೈಪಿಸ್ಟಮ್ಮನಿಗೆ ಹೇಳುವುದೂ ಬೀದಿಯಲ್ಲಿ ಡಂಗುರ ಹೊಡೆಸುವುದೂ ಒಂದೇ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ನಮ್ಮದು ಬಿಟ್ಟು ಹತ್ತು. ಊಟದ ಹೊತ್ತಿಗೆ ಹತ್ತೂ ಮನೆಯಲ್ಲಿ ಗೊತ್ತಾಗಿತ್ತು, ಗುರುವಾರ ಮೂರು ಗಂಟೆಯಿಂದ ಐದು ವರ್ಷ ತಿನ್ನಲು ಏನೂ ಸಿಗುವುದಿಲ್ಲ ಎಂದು. ಯಾಕೆ ಸಿಗುವುದಿಲ್ಲ ಎಂದು ಒಬ್ಬನಾದರೂ ಕೇಳಬೇಕಲ್ಲ? ಕೇಳಲಿಲ್ಲ. ಎಲ್ಲರೂ ಚೀಲ ಹಿಡಿದು ಮೂಲೆಯಂಗಡಿಗೆ ಓಡಿದರು.

ಮೂಲೆಯಂಗಡಿಯವನಿಗೆ ಭಾನುವಾರ ಖುಷಿ, ಸೋಮವಾರ ಆಶ್ಚರ್ಯ, ಮಂಗಳವಾರ ಗಾಬರಿ. ವರ್ಷಾನುಗಟ್ಟಲೆ ಧೂಳು ಹಿಡಿದು ಕೂತಿದ್ದ ಡಬ್ಬಿಗಳೂ ಖಾಲಿ. ಹಲ್ಲಿಲ್ಲದ ಮುದುಕರೊಬ್ಬರು ಮೂವತ್ತು ಡಬ್ಬಿ ಜೋಳ ಹೊತ್ತುಕೊಂಡು ಹೋದರು. ಮಂಗಳವಾರ ಸಂಜೆ ಅಂಗಡಿಯವನೇ ನಮ್ಮ ಮನೆಗೆ ಬಂದ. ಗೋಡೆ ನೋಡಿದ. ಕಣ್ಣು ಮಿನುಗಿತು.

"ಯಜಮಾನ್ರೇ, ಒಂದು ಐವತ್ತು ಡಬ್ಬಿ ನನಗೆ ಬಿಟ್ಟುಕೊಡಿ. ಗಿರಾಕಿಗಳು ಪ್ರಾಣ ತಿಂತಿದಾರೆ."

"ಐವತ್ತಾ?" ಭಾವ ಎರಡೂ ಕೈ ಚಾಚಿ ಗೋಡೆಗೆ ಅಡ್ಡ ನಿಂತ. "ಒಂದು ಕೂಡ ಆಗಲ್ಲ ರೀ. ಗುರುವಾರದವರೆಗೆ ಯಾರೂ ಮುಟ್ಟೋ ಹಾಗಿಲ್ಲ."

"ಗುರುವಾರ ಆದ್ಮೇಲೆ?"

"ಆಮೇಲಂತೂ ಕೊಡೋದೇ ಇಲ್ಲ! ಆಮೇಲೆ ಇದರ ಬೆಲೆಯೇ ಬೇರೆ!"

ಅಂಗಡಿಯವನ ಮುಖ ಕಪ್ಪಿಟ್ಟಿತು. ಅವನು ನೇರವಾಗಿ ಹೋಗಿ ಆಹಾರ ಇಲಾಖೆಗೆ ಒಂದು ದೂರು ಬರೆದು ಹಾಕಿದ: ಮನೆಯಲ್ಲಿ ನಲವತ್ತಕ್ಕಿಂತ ಹೆಚ್ಚು ಡಬ್ಬಿ ಇಡಬಾರದೆಂಬ ಕಾನೂನಿದ್ದರೂ ಇಂಥವರು ಮನೆ ತುಂಬ ಕೂಡಿಟ್ಟುಕೊಂಡು ಊರಿನ ಹೊಟ್ಟೆ ಒಣಗಿಸುತ್ತಿದ್ದಾರೆ.

ಗುರುವಾರ ಬಂತು. ಹದಿನಾರು ಹೆಣ್ಣುಮಕ್ಕಳೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದರು. ತಂಗಿ ಅವರನ್ನು ಕರೆದುಕೊಂಡು, ಅಧಿಕಾರಿಗಳಿಗೆ ಒಳ್ಳೆಯ ಕುರ್ಚಿ ತರಲು ಹಿಂದಿನ ಬೀದಿಗೆ ಹೋದಳು. ಮನೆಯಲ್ಲಿ ನಾನು, ಭಾವ, ಗೋಡೆ. ಆಗ ಗಂಟೆ ಹನ್ನೊಂದೂವರೆ. ಬಾಗಿಲಲ್ಲಿ ಒಬ್ಬರು ನಿಂತರು. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ನಗುವೇ ಇಲ್ಲ.

"ಇಲಾಖೆಯಿಂದ ಬಂದಿದೀನಿ. ತಪಾಸಣೆ."

ಭಾವ ನನ್ನ ಕಿವಿಯಲ್ಲಿ, "ಮೂರೂವರೆ ಗಂಟೆ ಮುಂಚೆ ಬಂದ್ಬಿಟ್ರಲ್ಲ ಭಾವ!" ಎಂದ. ನಾನೂ ಹಾಗೆಯೇ ನಂಬಿದೆ. ಅಧಿಕಾರಿಗಳು ಮುಂಚೆ ಬರುವುದು ನಾನು ಕೇಳಿರಲಿಲ್ಲ, ಆದರೂ ನಂಬಿದೆ. ಆಹಾರ ಇಲಾಖೆ ಅಂತ ಆ ಮನುಷ್ಯ ಪೂರ್ತಿ ಹೇಳಿದ್ದರೆ ನನಗೀಗ ಈ ಕಥೆ ಇರುತ್ತಿರಲಿಲ್ಲ.

"ಬನ್ನಿ ಸಾರ್, ಬನ್ನಿ. ಮೆಲ್ಲಗೆ ಕಾಲಿಡಿ. ಸೀನು ಬಂದ್ರೆ ಹೇಳ್ಬಿಡಿ."

ಇನ್ಸ್‌ಪೆಕ್ಟರು ಒಳಗೆ ಬಂದು ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಗಂಟಲಲ್ಲಿ ಒಂದು ಶಬ್ದ ಬಂತು. ನಮ್ಮ ಭಾವ ಅದನ್ನು ಮೆಚ್ಚುಗೆ ಎಂದುಕೊಂಡ.

"ಇಷ್ಟೂ ನಿಮ್ಮದೇನಾ?"

"ನನ್ನದೇ ಸಾರ್. ಒಂದೊಂದೂ ಕೈಯಾರೆ ತಂದಿದ್ದು."

"ಎಲ್ಲಿಂದ?"

"ಕ್ಯಾಂಟೀನಿಂದ."

ಇನ್ಸ್‌ಪೆಕ್ಟರು ಪೆನ್ನು ತೆಗೆದರು. "ಅಲ್ಲಿಯವರಿಗೆ ಗೊತ್ತಾ?"

"ಗೊತ್ತಿಲ್ದೆ ಏನು ಸಾರ್? ಅವ್ರೇ ಗೇಟಿನವರೆಗೂ ಹೊತ್ಕೊಂಡು ಬಂದು ಕೊಡ್ತಾರೆ."

"ಓಹೋ, ಅವ್ರೂ ಶಾಮೀಲು." ಬರೆದುಕೊಂಡರು. "ಎಷ್ಟು ದಿನದಿಂದ ನಡೀತಿದೆ?"

"ಎರಡು ವರ್ಷ ಆಯ್ತು. ಮೊದಲು ಚಿಕ್ಕದಾಗಿ ಶುರು ಮಾಡಿದ್ದು, ಆಮೇಲೆ ರುಚಿ ಹತ್ತಿತು."

"ಒಳಗೆ ಇನ್ನೂ ಇದೆಯೋ?"

"ಇದೆ ಸಾರ್! ಮಂಚದ ಕೆಳಗೆ ನಾಲ್ಕು, ಬಚ್ಚಲಲ್ಲಿ ಎರಡು, ದೀಪದೊಳಗೆ ಒಂದು. ತೋರಿಸ್ಲಾ?"

"ದೀಪದೊಳಗೂ ಬಚ್ಚಿಟ್ಟಿದೀರಾ!" ಇನ್ಸ್‌ಪೆಕ್ಟರಿಗೆ ಇಂಥ ಆಸಾಮಿ ನೌಕರಿಯಲ್ಲೇ ಸಿಕ್ಕಿರಲಿಲ್ಲ. "ಸರಿ, ಇದನ್ನೆಲ್ಲ ಯಾಕೆ ಮಾಡಿದಿರಿ? ಉದ್ದೇಶ ಏನು?"

ಭಾವ ಎದೆಯುಬ್ಬಿಸಿದ. ಈ ಪ್ರಶ್ನೆಗೆ ಅವನು ಕನ್ನಡಿ ಮುಂದೆ ನಿಂತು ಉತ್ತರ ಕಲಿತಿದ್ದ. "ಒಳಗೆ ಏನು ನಡೀತಿದೆ ಅಂತ ಹೊರಗಿನವರಿಗೆ ಕಾಣಬಾರದು ಸಾರ್. ಅಷ್ಟೇ ಉದ್ದೇಶ."

"ಇಷ್ಟಕ್ಕೇ ನಿಲ್ಲಿಸ್ತೀರೋ, ಇನ್ನೂ ಇದೆಯೋ?"

"ತಾವು ಒಂದು ರುಜು ಹಾಕಿದ್ರೆ ಸೂರಿನವರೆಗೂ ಏರಿಸ್ತೀನಿ!"

ಇನ್ಸ್‌ಪೆಕ್ಟರು ಫೈಲು ಮುಚ್ಚಿದರು. "ಒಂದು ಡಬ್ಬಿ ತಗೊಂಡು ಹೋಗ್ತೀನಿ. ಸಾಕ್ಷಿಗೆ."

"ತಗೊಳ್ಳಿ ಸಾರ್, ಮೇಲಿನ ಸಾಲಿಂದ..."

ಅವರು ಅನುಭವಸ್ಥರು. ಮೇಲಿನದು ತೋರಿಕೆಗೆ, ಅಸಲು ಮಾಲು ಯಾವಾಗಲೂ ಕೆಳಗೆ ಎಂದು ಗೊತ್ತಿದ್ದವರು. ಬಗ್ಗಿದರು. ಕೆಳಗಿನ ಸಾಲಿನ ನಡುವೆ ಕೈ ಹಾಕಿದರು. ಭಾವ "ಸಾರ್, ತಳದ್ದು ಬೇಡ..." ಎಂದ. ಅಷ್ಟೇ.

ನಾನು ಬಸ್ಸಿನ ಮೂರು ಅಪಘಾತ ನೋಡಿದವನು. ಅಂಥ ಸದ್ದು ಕೇಳಿಲ್ಲ. ನಾನೂರ ಏಳು ಡಬ್ಬಿ ಅವರ ಬೆನ್ನ ಮೇಲೆ, ಒಂದು ಅವರ ಕೈಯಲ್ಲಿ. ಡಬ್ಬಿಗಳು ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಗೇಟಿನಿಂದ ಬೀದಿಗೆ ಉರುಳಿಕೊಂಡು ಹೋದವು. ಒಂದು ಡಬ್ಬಿ ಟೈಪಿಸ್ಟಮ್ಮನ ಬಾಗಿಲವರೆಗೂ ಹೋಗಿ ಬಡಿಯಿತು. ಬೀದಿಯವರೆಲ್ಲ ಗಡಿಯಾರ ನೋಡಿಕೊಂಡು "ಮೂರು ಗಂಟೆಗೆ ಅಂದಿದ್ರಲ್ಲ, ಈಗ್ಲೇ ಶುರುವಾಯ್ತಾ?" ಎಂದು ಓಡಿ ಬಂದರು.

ರಾಶಿಯೊಳಗಿನಿಂದ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಆ ಸಾಕ್ಷಿಯ ಡಬ್ಬಿ. ಆಮೇಲೆ ತಲೆ ಬಂತು. ಇನ್ಸ್‌ಪೆಕ್ಟರು ಡಬ್ಬಿಯನ್ನು ಅಲ್ಲಾಡಿಸಿದರು. ತಿರುಗಿಸಿದರು. ತಳವೇ ಇಲ್ಲ. ಅದರೊಳಗಿನಿಂದ ಆಚೆ ನೋಡಿದರು. ಆಚೆ ನಮ್ಮ ಭಾವ ಕಾಣಿಸಿದ.

"ಖಾಲಿ!" ಎಂದರು. ಇನ್ನೊಂದು ಎತ್ತಿದರು. "ಇದೂ ಖಾಲಿ!"

"ಮತ್ತೇನು ಸಾರ್, ತುಂಬಿದ ಡಬ್ಬಿಯಲ್ಲಿ ಯಾರಾದ್ರೂ ಗೋಡೆ ಕಟ್ತಾರಾ?" ಎಂದ ಭಾವ, ಅಳುವ ದನಿಯಲ್ಲಿ.

ಅಷ್ಟರಲ್ಲಿ ತಂಗಿ ಕುರ್ಚಿ ಹೊತ್ತುಕೊಂಡು ಬಂದಳು, ಹಿಂದೆ ಹದಿನಾರು ಮಕ್ಕಳು. ಅವಳು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಕುರ್ಚಿಯನ್ನು ಕೆಳಗಿಟ್ಟು, ಗೋಡೆ ಇದ್ದ ಜಾಗವನ್ನು ನೋಡಿ, "ಮೂರನೇ ಸಲ" ಎಂದಳು. ಅಷ್ಟೇ ಅಂದದ್ದು. ಭಾವ ನೆಲ ನೋಡುತ್ತ ನಿಂತ.

ಆಮೇಲೆ ತಂಗಿಯೇ ಒಂದು ಡಬ್ಬಿಯಲ್ಲಿ ತಣ್ಣೀರು ತಂದು ಇನ್ಸ್‌ಪೆಕ್ಟರ ಹಣೆಯ ಬುಗುಟಿಗೆ ಒತ್ತಿದಳು. ಅವರು ಯಾವ ಇಲಾಖೆ, ದೂರು ಏನು, ಎಲ್ಲ ಆಗ ಹೊರಬಿತ್ತು. ಒಳ್ಳೆಯ ಮನುಷ್ಯ, ಕಾನೂನಿನ ಮನುಷ್ಯ. ಒದ್ದೆ ಹಣೆಯಲ್ಲೇ ಕಾಗದ ತೆಗೆದು ಬರೆದುಕೊಟ್ಟರು: ಈ ಮನೆಯಲ್ಲಿರುವ ಡಬ್ಬಿಗಳನ್ನು ಖುದ್ದಾಗಿ ಪರೀಕ್ಷಿಸಲಾಗಿದೆ, ಎಲ್ಲವೂ ಖಾಲಿ. ರುಜು, ಮೊಹರು. ಮೇಲೆದ್ದು, ಗೇಟಿನಲ್ಲಿ ನೆರೆದಿದ್ದ ಬೀದಿಯ ಜನರನ್ನು ನೋಡಿದರು.

"ಹಾಗಾದ್ರೆ ಅಂಗಡಿಯಿಂದ ಹೋದ ಡಬ್ಬಿಗಳು ಎಲ್ಲಿ? ನಾನು ಊಟ ಮುಗಿಸಿ ಬರ್ತೀನಿ. ಒಂದೊಂದು ಮನೆಯನ್ನೂ ನೋಡ್ತೀನಿ. ನಲವತ್ತರ ಮೇಲೆ ಒಂದು ಡಬ್ಬಿ ಸಿಕ್ಕಿದ್ರೂ ಬಿಡೋದಿಲ್ಲ."

ಅವರು ಮೂಲೆ ತಿರುಗಿದರು. ಹತ್ತು ಮನೆಯವರ ಮುಖ ನೋಡಬೇಕಿತ್ತು ನೀವು! ಐದು ವರ್ಷದ ಹಸಿವು ಒಂದೇ ಕ್ಷಣದಲ್ಲಿ ಮರೆತುಹೋಯಿತು. ಒಬ್ಬರ ಮನೆಯಲ್ಲಿ ಐವತ್ತು, ಇನ್ನೊಬ್ಬರಲ್ಲಿ ಎಪ್ಪತ್ತು. ಎಲ್ಲಿ ಬಚ್ಚಿಡುವುದು? ಟೈಪಿಸ್ಟಮ್ಮನ ಸೋಫಾದೊಳಗೆ, ಅಕ್ಕಿ ಪೀಪಾಯಿಯೊಳಗೆ, ಎಲ್ಲೆಡೆ ಡಬ್ಬಿ.

ಟೈಪಿಸ್ಟಮ್ಮನ ಕಣ್ಣು ಆ ಕಾಗದದ ಮೇಲೆ ಬಿತ್ತು. ತಂಗಿಯ ಕೈಯಲ್ಲೇ ಇತ್ತು. ಎರಡು ಸಲ ಓದಿದರು. ಮೂವತ್ತು ವರ್ಷ ಸರ್ಕಾರಿ ಕಾಗದ ಟೈಪು ಮಾಡಿದವರು, ಅದರ ಬೆಲೆ ಅವರಿಗೆ ಗೊತ್ತು.

"ನಿಮ್ಮ ಮನೇಲಿರೋ ಡಬ್ಬಿ ಎಲ್ಲಾ ಖಾಲಿ ಅಂತ ಮೊಹರು ಹಾಕಿ ಕೊಟ್ಟಿದಾರಲ್ಲಮ್ಮ," ಎಂದರು ಮೆಲ್ಲಗೆ. "ಅಂದ್ರೆ ಈ ಮನೇಲಿ ಏನಿದ್ರೂ ಖಾಲಿಯೇ."

 ಬೀದಿಯವರೆಲ್ಲ ಒಟ್ಟಿಗೆ ತಮ್ಮ ತಮ್ಮ ಮನೆಗೆ ಓಡಿದರು.

ಭಾವನ ಬೆನ್ನು ನೆಟ್ಟಗಾಯಿತು. "ಕಂಡಕ್ಟರ್ ಭಾವ, ಸಾಲು ಮಾಡಿಸಿ!" ಎಂದು ಕೂಗಿದ. ನಾನು ಗೇಟಿನಲ್ಲಿ ನಿಂತೆ. ಎಷ್ಟು ವರ್ಷದ ಮೇಲೆ ನನ್ನ ಗಂಟಲು ತೆರೆಯಿತು ಗೊತ್ತಾ! "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!" ಹತ್ತು ಮನೆಯಿಂದ ಕೈಯಿಂದ ಕೈಗೆ ಡಬ್ಬಿಗಳು ಬಂದವು. ಹದಿನಾರು ಮಕ್ಕಳು ಖಾಲಿ ಡಬ್ಬಿಗಳನ್ನು ಹಿತ್ತಲಿಗೆ ದಾಟಿಸಿದರು. ಭಾವ ಜೋಡಿಸಿದ. ತಾರೀಖು ನೋಡಿ, ಚೀಟಿ ಹೊರಗೆ ಮಾಡಿ! ಆ ಗಡಿಬಿಡಿಯಲ್ಲೂ ಟೈಪಿಸ್ಟಮ್ಮ ತಂದ ಬಟಾಣಿ ಡಬ್ಬಿಯನ್ನು "ಇದು ಮೇಲಿನ ಸಾಲಿನದು, ಆಮೇಲೆ ತನ್ನಿ" ಎಂದು ವಾಪಸ್ಸು ಕಳಿಸಿದ. ಹದಿನೇಳು ಸಾಲು ಮುಗಿದಾಗ ಎರಡೂ ಮುಕ್ಕಾಲು. ಉಳಿದವನ್ನು ನಲವತ್ತರೊಳಗೆ ಹಂಚಿಕೊಂಡು ಎಲ್ಲರೂ ಮನೆ ಸೇರಿದರು. ಕರಿದ ಮೊಟ್ಟೆ ಮಾತ್ರ ಈ ಸಲ ಸ್ವಲ್ಪ ಎಡಕ್ಕೆ ಬಂದಿತ್ತು.

ಸರಿಯಾಗಿ ಮೂರಕ್ಕೆ ಮಂಡಳಿಯ ಮೇಡಂ ಬಂದರು. ದಪ್ಪ ಚಪ್ಪಲಿ, ದೊಡ್ಡ ಕೈಚೀಲ, ಮಾತು ಕಡಿಮೆ. ಮಿಷನ್ನು ನೋಡಿದರು, ಮಕ್ಕಳ ಹೊಲಿಗೆ ಬಿಚ್ಚಿ ನೋಡಿದರು, ಒಂದು ಕಾಲರು ಹಿಡಿದು "ಚೆನ್ನಾಗಿದೆ" ಎಂದರು. ತಂಗಿಯ ಮುಖಕ್ಕೆ ಕಳೆ ಬಂತು. ಆಮೇಲೆ ಮೇಡಂ ತಿರುಗಿದರು.

"ಇದೇನು?"

"ಅಡ್ಡಗೋಡೆ ಮೇಡಂ," ಎಂದಳು ತಂಗಿ.

"ಡಬ್ಬಿಯದಾ? ಭದ್ರವಾಗಿರಬೇಕು ಅಂತ ನಿಯಮ ಇದೆ." ಹೀಗೆಂದವರೇ ಭುಜ ಕೊಟ್ಟು ಗೋಡೆಯನ್ನು ಒಂದು ಸಲ ನೂಕಿದರು. ನಾನು ಕಣ್ಣು ಮುಚ್ಚಿಕೊಂಡೆ. ಬೆಳಿಗ್ಗೆಯ ಗೋಡೆ ಆಗಿದ್ದರೆ ಮೇಡಂ ಆಚೆಯ ಅಡುಗೆಮನೆಯಲ್ಲಿ ಇರುತ್ತಿದ್ದರು. ಗೋಡೆ ಅಲುಗಲಿಲ್ಲ. ಇನ್ನೊಮ್ಮೆ ನೂಕಿದರು. ಬಂಡೆ!

"ಆಶ್ಚರ್ಯ. ಡಬ್ಬಿಯ ಗೋಡೆ ಇಷ್ಟು ಗಟ್ಟಿ ಇರುತ್ತಾ?" ಎಂದು ಒಂದು ಡಬ್ಬಿಗೆ ಬೆರಳಿನ ಗೆಣ್ಣು ಎತ್ತಿದರು. ತಟ್ಟಿದರೆ ಮುಗಿಯಿತು. ತುಂಬಿದ ಡಬ್ಬಿಯ ಸದ್ದು ಯಾರಿಗೆ ತಿಳಿಯುವುದಿಲ್ಲ? ಆಮೇಲೆ ಗೋಡೆ ಹೋಗಿ ದಾಸ್ತಾನು ಎಂದಾಗುತ್ತದೆ.

ಆಗ ಬಾಗಿಲಲ್ಲಿ ಕಿರುಚಿದ ಸದ್ದು. "ಮುಟ್ಬೇಡಿ ಮೇಡಂ! ಮುಟ್ಬೇಡಿ!"

ಆಹಾರದ ಇನ್ಸ್‌ಪೆಕ್ಟರು! ಹತ್ತು ಮನೆ ಜಾಲಾಡಿ ನಲವತ್ತರ ಮೇಲೆ ಒಂದೂ ಸಿಗದೆ, ರಾಶಿಯಲ್ಲಿ ಬಿದ್ದುಹೋಗಿದ್ದ ಎರಡನೆಯ ಪೆನ್ನು ಹುಡುಕಿಕೊಂಡು ಬಂದಿದ್ದರು. ಹಣೆಯಲ್ಲಿ ಬುಗುಟು ನೀಲಿಯಾಗಿತ್ತು. ಹೊಸ್ತಿಲು ದಾಟಲು ಧೈರ್ಯವಿಲ್ಲದೆ ಅಲ್ಲೇ ನಿಂತು ಕೈ ಬೀಸುತ್ತಿದ್ದರು.

"ಒಂದನ್ನ ಮುಟ್ಟಿದ್ರೆ ಎಲ್ಲಾ ಮೈಮೇಲೆ ಬರುತ್ತೆ! ನನ್ನ ಹಣೆ ನೋಡಿ! ಎಲ್ಲಾ ಖಾಲಿ ಡಬ್ಬಿ ಮೇಡಂ, ನಾನೇ ಒಂದೊಂದಾಗಿ ನೋಡಿ ಮೊಹರು ಹಾಕಿ ಕೊಟ್ಟಿದೀನಿ!"

ತಂಗಿ ಕಾಗದವನ್ನು ಮೇಡಂ ಕೈಗೆ ಕೊಟ್ಟಳು. ಒಂದು ಇಲಾಖೆಯ ಮೊಹರಿಗೆ ಇನ್ನೊಂದು ಇಲಾಖೆ ಎಷ್ಟು ಮರ್ಯಾದೆ ಕೊಡುತ್ತೆ ಅಂತ ನಿಮಗೆ ಗೊತ್ತಿಲ್ಲ. ಮೇಡಂ ಬೆರಳು ಇಳಿಸಿದರು. ಗೋಡೆಯನ್ನು, ಬುಗುಟನ್ನು, ಮೊಹರನ್ನು ನೋಡಿದರು. ಬರೆದರು: ಪ್ರತ್ಯೇಕ ಕೊಠಡಿ, ಇದೆ. ಅಡ್ಡಗೋಡೆ, ಭದ್ರವಾಗಿದೆ.

ಅವರಿಬ್ಬರೂ ಗೇಟು ದಾಟಿದ ಮೇಲೆ ನನ್ನ ತಂಗಿ ಎದ್ದು ಬಂದು ಫ್ಯಾನು ಹಾಕಿದಳು. ಏಳು ದಿನದಲ್ಲಿ ಮೊದಲ ಸಲ. ಹದಿನಾರು ಮಕ್ಕಳೂ ಅದರ ಕೆಳಗೆ ನಿಂತು ಕುಣಿದರು. ಭಾವ ಮಾತ್ರ ಗೋಡೆಗೆ ಒರಗಿಕೊಂಡು, "ನಾನು ಹೇಳ್ಲಿಲ್ವಾ? ನಾನು ಜೋಡಿಸಿದ್ದು ಬೀಳಲ್ಲ" ಎಂದ. ತಂಗಿ ಚಪ್ಪಲಿ ಹುಡುಕಿದಳು, ಸಿಗಲಿಲ್ಲ. ನಗು ಬಂದುಬಿಟ್ಟಿತು ಅವಳಿಗೆ.

ಆಮೇಲೆ ದಿನಾ ಸಂಜೆ ಬೀದಿಯವರು ಬಂದು ತಮ್ಮ ತಮ್ಮ ಡಬ್ಬಿ ಕೇಳುತ್ತಿದ್ದರು. ಭಾವ ಕೊಡುತ್ತಿದ್ದ, ಆದರೆ ತಾರೀಖಿನ ಪ್ರಕಾರ. ಟೈಪಿಸ್ಟಮ್ಮ ಅನಾನಸ್ ಕೇಳಿದರೆ "ಇವತ್ತು ಬಟಾಣಿ ಸರದಿ" ಎನ್ನುತ್ತಿದ್ದ. ಒಂದು ಡಬ್ಬಿ ಎಳೆದ ಜಾಗಕ್ಕೆ ಕೂಡಲೇ ಹಿತ್ತಲಿನ ಒಂದು ಖಾಲಿ ಡಬ್ಬಿ ತುರುಕುತ್ತಿದ್ದ. ಜೊತೆಗೆ ಒಂದು ಷರತ್ತು: ತಿಂದ ಮೇಲೆ ಡಬ್ಬಿ ವಾಪಸ್ಸು ತರಬೇಕು, ತಳದಿಂದಲೇ ಕತ್ತರಿಸಬೇಕು. ಹೀಗೆ ನಮ್ಮ ಗೋಡೆಯನ್ನು ಬೀದಿಯವರು ಒಳಗಿನಿಂದ ತಿನ್ನುತ್ತಾ ಬಂದರು. ಹೊರಗಿನಿಂದ ಒಂದಿಷ್ಟೂ ಬದಲಾವಣೆ ಕಾಣಲಿಲ್ಲ.

ಈಗಲೂ ಇದೆ ಆ ಗೋಡೆ. ತಂಗಿಯ ಕೈಯಲ್ಲಿ ಕಲಿತವರು ಮುನ್ನೂರು ದಾಟಿದರು, ಎಲ್ಲರ ಹತ್ತಿರವೂ ಸರ್ಟಿಫಿಕೇಟು ಇದೆ. ಗೋಡೆಯಲ್ಲಿ ಎಷ್ಟು ತುಂಬಿದ್ದು, ಎಷ್ಟು ಖಾಲಿ ಅಂತ ಭಾವನಿಗೂ ಗೊತ್ತಿಲ್ಲ. ಅದಕ್ಕೇ ಫ್ಯಾನು ಮತ್ತೆ ಬಂದ್ ಆಗಿದೆ, ಹೋದಾಗಲೆಲ್ಲ ನಾನು ಸ್ವಿಚ್ಚಿನ ಪಕ್ಕದ ಕುರ್ಚಿಯಲ್ಲಿ ಕೂರ್ತೀನಿ.

ಸರಿ, ಗಂಟಲು ಒಣಗಿತು. ಇದನ್ನ ಆ ಹಳದಿ ಮುಖ ಹಾಕಿದವರಿಗೆ ಮೊದಲು ಕಳಿಸಿ, ಆಮೇಲೆ ನಿಮಗೆ ಬೇಕಾದವರಿಗೆಲ್ಲ ಕಳಿಸಿ. ಟೈಪಿಸ್ಟಮ್ಮನಿಗೆ ಕಳಿಸೋ ಅಗತ್ಯ ಇಲ್ಲ, ಅವರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತೆ. ಯಾರಿಗೆ ಹೇಳಿದ್ರೂ ನಿಮ್ಮದೊಂದು ಮಾತು ಸೇರಿಸಿ, ನನ್ನ ಅಭ್ಯಂತರ ಇಲ್ಲ. ಅಂಕಿ ಮಾತ್ರ ಮುಟ್ಟಬೇಡಿ. ನಾನೂರ ಎಂಟು.